ಮೂರನೇ ಹಾಡಿನಲ್ಲಿ ಆರ್ವಿಲ್

“ಆರ್ವಿಲ್ ಸ್ಟಿಡಮ್ ಆ ಆಲ್ಬಮ್ಮಲ್ಲಿ ಇದಾನೆ ಅನ್ನೋದಾದ್ರೆ ನಮ್ಮಪ್ಪನ ಹೇಸರಗತ್ತೆ ಸೆನೆಟ್ಟಲ್ಲಿದೆ ಅಂತ ತಿಳ್ಕೊಳ್ಳಿ. ದನಿ ಇಬ್ರದ್ದೂ ಒಂದೇ. ಹೇಸರಗತ್ತೆ ಸುಳ್ಳು ಹೇಳ್ತಿರ್ಲಿಲ್ಲ, ಅಷ್ಟೇ ವ್ಯತ್ಯಾಸ.”

ಕ್ಷೌರದ ಬರ್ಲ್ ನೇಪಿಯರ್ ಹೀಗೆಂದಾಗ ಅಂಗಡಿಯಲ್ಲಿ ಆರು ಜನ ನಗುವವರಿದ್ದರು. ಏಳನೆಯವನು ಆರ್ವಿಲ್. ಅವನು ಕುರ್ಚಿಯಲ್ಲಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದಿತ್ತು, ತಲೆಯ ಎಡಭಾಗ ಮುಗಿದಿತ್ತು, ಬಲಭಾಗ ಬಾಕಿಯಿತ್ತು. ಮರ್ಯಾದಸ್ಥನಾದವನು ಇಂಥ ಮಾತು ಕೇಳಿದ ಮೇಲೆ ಎದ್ದು ಹೋಗಬೇಕು. ಆದರೆ ಅರ್ಧ ತಲೆ ಹೊತ್ತುಕೊಂಡು ಡ್ರೈ ಫೋರ್ಕ್ ಎಂಬ ಆ ಗುಡ್ಡದೂರಿನ ಬೀದಿಯಲ್ಲಿ ಎಷ್ಟು ದೂರ ಹೋದಾನು? ಇಪ್ಪತ್ತೆಂಟು ವರ್ಷಗಳಿಂದ ಬರ್ಲ್ ಗಿರಾಕಿಗಳ ಮಾನ ತೆಗೆಯಲು ಆರಿಸಿಕೊಳ್ಳುವ ಮುಹೂರ್ತ ಇದೇ.

ಕನ್ನಡಿಯ ಕೆಳಗೆ ಆ ಆಲ್ಬಮ್ಮು ಒರಗಿಕೊಂಡಿತ್ತು. ಅದರ ಮೇಲೆ ಎಮೆರಿ ಫ್ಯೂಗೇಟರ ಮುಖ. ಎಂಬತ್ತೊಂದು ವರ್ಷದ ಮುಖವನ್ನು ಒಂದೊಂದು ಸುಕ್ಕನ್ನೂ ಎಣಿಸುವಂತೆ ತೆಗೆದಿದ್ದರು. ನ್ಯಾಶ್‌ವಿಲ್ಲಿನ ಹಾಡಿನ ಕಂಪನಿಯವರಿಗೆ ಗುಡ್ಡದ ಜನರ ಸುಕ್ಕೆಂದರೆ ಪ್ರಾಣ. ಚರ್ಮ ನುಣುಪಾಗಿದ್ದಾಗ ಮನೆಯ ದಾರಿ ಗೊತ್ತಿರುವುದಿಲ್ಲ, ಸುಕ್ಕು ಬಿದ್ದ ಮೇಲೆ ಕ್ಯಾಮೆರಾ ಹೊತ್ತು ಬರುತ್ತಾರೆ. ಎಮೆರಿ ನಾನೂರು ಹಾಡು ಕಟ್ಟಿದವರು. ಅವನ್ನು ದೊಡ್ಡ ದೊಡ್ಡ ಟೋಪಿಯವರು ಹಾಡಿ ದೊಡ್ಡವರಾದರು. ಎಮೆರಿ ಕೋಳಿ ಸಾಕಿಕೊಂಡು ಡ್ರೈ ಫೋರ್ಕಿನಲ್ಲೇ ಉಳಿದರು. ಹತ್ತೊಂಬತ್ತು ವರ್ಷಗಳ ಮೇಲೆ ಅವರದೇ ದನಿಯಲ್ಲಿ ಒಂದು ಆಲ್ಬಮ್ಮು ಬಂದಿತ್ತು. ಅದರ ಬೆನ್ನಿನ ಮೇಲೆ ಒಂದೇ ಸಾಲು: ‘ಹಾಡು, ಗಿಟಾರು, ಅಡುಗೆಮನೆ — ಎಮೆರಿ ಫ್ಯೂಗೇಟ್.’

ಅಡುಗೆಮನೆಯ ಹೆಸರಿತ್ತು. ಆರ್ವಿಲ್ಲನ ಹೆಸರಿರಲಿಲ್ಲ.

ಇದರಲ್ಲಿ ಆರ್ವಿಲ್ಲನ ತಪ್ಪೂ ಇತ್ತು, ಇಲ್ಲವೆನ್ನಲಾಗದು. ಕೌಂಟಿಯ ರಸ್ತೆ ಇಲಾಖೆಯಲ್ಲಿ ಗುಂಡಿ ಮುಚ್ಚುವ ಕೆಲಸದವನು ಅವನು. ಐವತ್ತಾರು ವರ್ಷದ ಬಾಳಿನಲ್ಲಿ ಜನ ಅವನನ್ನು ಮಾತನಾಡಿಸಿದ್ದೆಲ್ಲ ಕಾರಿನ ಕಿಟಕಿ ಇಳಿಸಿ, ಬಯ್ಯುವುದಕ್ಕೆ. ಅಂಥವನಿಗೆ ಫೆಬ್ರವರಿಯಲ್ಲಿ ಎಮೆರಿ ಫೋನು ಮಾಡಿ, “ನಾಳೆ ಹಾಡು ರೆಕಾರ್ಡ್ ಮಾಡ್ತಾರಂತೆ, ನಿನ್ನ ಬ್ಯಾಂಜೋ ತಗೊಂಡು ಬಾ ಮಗಾ” ಅಂದರು. ಬ್ಯಾಂಜೋ ತಗೊಂಡು ಅವರ ಮನೆಗೆ ಹೋಗುವುದು ನೆಟ್ಟಗೆ ಹತ್ತು ನಿಮಿಷದ ದಾರಿ. ಆರ್ವಿಲ್ ಅಂಚೆ ಕಚೇರಿ, ಪೆಟ್ರೋಲ್ ಬಂಕು, ಬರ್ಲನ ಅಂಗಡಿ, ಅತ್ತೆಯ ಮನೆ ಸುತ್ತಿ ಹೋದ. ಎಲ್ಲ ಕಡೆ ಬ್ಯಾಂಜೋವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ, “ಓ, ಇದಾ? ಏನಿಲ್ಲ, ಎಮೆರಿ ಅಂಕಲ್ ಆಲ್ಬಮ್ಮಿಗೆ” ಅಂದ.

ಈಗ ಆರು ಜನ ನಗುತ್ತಿದ್ದರು. ಆರ್ವಿಲ್ಲನ ಎಡಗಿವಿ, ಕೂದಲಿಲ್ಲದ ಕಡೆಯದು, ಕೆಂಪಗಾಯಿತು. ಸುಮ್ಮನಿರಬೇಕಾದ ಬಾಯಿ ತಾನೇ ತೆರೆದುಕೊಂಡಿತು.

“ಮೂರನೇ ಹಾಡು ಸರಿಯಾಗಿ ಕೇಳು ಬರ್ಲ್. ಇದೀನಿ ನಾನು ಅದ್ರಲ್ಲಿ.”

ಅಂದ ಮರುಕ್ಷಣ ನಾಲಗೆ ಕಚ್ಚಿಕೊಂಡ. ಏಕೆಂದರೆ ಮೂರನೇ ಹಾಡಿನಲ್ಲಿ ಅವನು ನಿಜವಾಗಿಯೂ ಇದ್ದ. ಅದು ಯಾರಿಗೂ ಗೊತ್ತಾಗಬಾರದು ಎಂದು ಎಮೆರಿಗೆ ಮಾತು ಕೊಟ್ಟಿದ್ದ.

ಆ ದಿನ ನಡೆದದ್ದು ಇಷ್ಟು. ಎಮೆರಿಯ ಅಡುಗೆಮನೆಯ ನಡುವೆ ಒಂದೇ ಒಂದು ಮೈಕು ನಿಲ್ಲಿಸಿ, ನ್ಯಾಶ್‌ವಿಲ್ಲಿನ ಗಡ್ಡದ ಹುಡುಗ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಹೊರಗೆ ವ್ಯಾನಿನಲ್ಲಿ ಕೂತ. ಒಳಗೆ ಎಮೆರಿ, ಆರ್ವಿಲ್, ಒಲೆ. ಎಮೆರಿ ಗಿಟಾರು ಮೀಟಿದರು, ಮೊದಲ ಸಾಲು ಹಾಡಿದರು, ಎರಡನೆಯದಕ್ಕೆ ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು.

“ಆರ್ವಿಲ್,” ಅಂದರು ಮೆಲ್ಲಗೆ, “ಮುಂದಿಂದೇನು?”

ಆರ್ವಿಲ್ ತಮಾಷೆ ಎಂದುಕೊಂಡ. ಮುದುಕನ ಕಣ್ಣು ನೋಡಿದ. ತಮಾಷೆಯಲ್ಲ.

“ಎರಡು ವರ್ಷದಿಂದ ಹಿಂಗೇ ಮಗಾ. ಕೋಳಿಗಳ ಹೆಸರು ನೆನಪಿದೆ. ನಾನೇ ಕಟ್ಟಿದ ಹಾಡು ಓಡೋಗತ್ತೆ. ಬರೆದಿಟ್ಕೊಂಡ್ರೆ ಅಕ್ಷರ ಕಣ್ಣಿಗೆ ಕಾಣಲ್ಲ. ಜನ ನನ್ನ ಬೈದಿದಾರೆ, ನಕ್ಕಿದಾರೆ, ಎಲ್ಲ ತಡ್ಕೊಂಡಿದೀನಿ. ‘ಅಯ್ಯೋ ಪಾಪ’ ಅಂತಾರಲ್ಲ, ಅದನ್ನ ತಡ್ಕೊಳಕಾಗಲ್ಲ. ಇಗರ್ಜೀಲಿ ನೀನು ಮಾಡೋ ಕೆಲಸ ಇಲ್ಲಿ ಮಾಡಿಬಿಡು.”

ಡ್ರೈ ಫೋರ್ಕಿನ ಇಗರ್ಜಿಯಲ್ಲಿ ವಾದ್ಯವಿಲ್ಲ, ಸ್ವರ ಬರೆದ ಪುಸ್ತಕವಿಲ್ಲ. ಒಬ್ಬ ಎದ್ದು ನಿಂತು ಸಾಲನ್ನು ಒಂದೇ ಉಸಿರಿಗೆ ಹೇಳಿಕೊಡುತ್ತಾನೆ, ಉಳಿದವರೆಲ್ಲ ಅದನ್ನು ಹಿಡಿದು, ದಿಣ್ಣೆ ಹತ್ತುವ ಕಲ್ಲಿದ್ದಲ ಲಾರಿಯ ಹಾಗೆ ನಿಧಾನವಾಗಿ ಎಳೆಯುತ್ತಾರೆ. ಮತ್ತೆ ಸಾಲು, ಮತ್ತೆ ಎಳೆತ. ಮುತ್ತಜ್ಜಂದಿರಿಗೆ ಓದು ಬರದ ಕಾಲದ ಪದ್ಧತಿ. ಮೂವತ್ತು ವರ್ಷಗಳಿಂದ ಸಾಲು ಹೇಳಿಕೊಡುವವನು ಆರ್ವಿಲ್. ಅದನ್ನು ಯಾರೂ ಒಂದು ವಿದ್ಯೆ ಎಂದು ಎಣಿಸಿರಲಿಲ್ಲ. ಬಾಗಿಲು ತೆರೆಯುವವನೊಬ್ಬ ಬೇಕು, ಸಾಲು ಹೇಳುವವನೊಬ್ಬ ಬೇಕು, ಅಷ್ಟೆ.

ಆರ್ವಿಲ್ ಬ್ಯಾಂಜೋವನ್ನು ಹಿಟ್ಟಿನ ಡಬ್ಬಿಗೆ ಒರಗಿಸಿದ. ಅದು ಸಂಜೆಯವರೆಗೂ ಅಲ್ಲೇ ಒರಗಿತ್ತು. ಒಲೆಯ ಪಕ್ಕ ನಿಂತು ತುಟಿಯಾಡಿಸುತ್ತ, ತನಗೆ ಬಾಯಿಪಾಠವಿದ್ದ ಹನ್ನೊಂದು ಹಾಡಿನ ಒಂದೊಂದು ಸಾಲನ್ನೂ ಸದ್ದಿಲ್ಲದೆ ಕೊಟ್ಟ. ಎಮೆರಿ ಅವನ ತುಟಿ ನೋಡಿ ಹಾಡಿದರು. ಮೂರನೆಯದರಲ್ಲಿ ಮಾತ್ರ ಕೆಟ್ಟಿತು. ಅದು ತೀರಿಹೋದ ಹೆಂಡತಿ ಓಲಾಳ ಮೇಲಿನ ಹಾಡು. ಎಮೆರಿಯ ಕಣ್ಣಲ್ಲಿ ನೀರು ತುಂಬಿ ಎದುರಿನ ತುಟಿ ಕಾಣಲಿಲ್ಲ. ಆರ್ವಿಲ್ ವಿಧಿಯಿಲ್ಲದೆ ಹತ್ತಿರ ಹೋಗಿ ಪಿಸುಗುಟ್ಟಿದ.

ಮೈಕಿಗೆ ಮಾತು ಕೊಟ್ಟು ಅಭ್ಯಾಸವಿಲ್ಲ. ಅದು ಎಲ್ಲವನ್ನೂ ಹಿಡಿದಿಟ್ಟುಕೊಂಡಿತು.

ಬರ್ಲನ ಅಂಗಡಿಯಿಂದ ಹೊರಟ ಮಾತು ಮಧ್ಯಾಹ್ನದೊಳಗೆ ಕೌಂಟಿ ಸುತ್ತಿತು. ಎಲ್ಲರೂ ಮೂರನೇ ಹಾಡಿಗೆ ಕಿವಿ ಹಚ್ಚಿದರು. ಬ್ಯಾಂಜೋ ಹುಡುಕಿದರು. ಬ್ಯಾಂಜೋ ಇರಲಿಲ್ಲ. ಕುರ್ಚಿಯ ಕಿರ್ ಎಂಬ ಸದ್ದಿತ್ತು; ಅದು ಕುರ್ಚಿಯದೇ ಎಂದು ಸಾಬೀತಾಯಿತು. ಒಂದು ಹುಂಜ ಕೂಗಿತ್ತು. “ಇದು ಆರ್ವಿಲ್ಲೇ” ಎಂದು ಬರ್ಲ್ ಮೂರು ದಿನ ಹೇಳಿಕೊಂಡು ನಕ್ಕ.

ನಾಲ್ಕನೆಯ ದಿನ ಎಂಬತ್ತಾರು ವರ್ಷದ ಟ್ರೆಸ್ಸಿ ಅಜ್ಜಿ, ಮೊಮ್ಮಗಳು ಕೊಡಿಸಿದ ಕಿವಿಯ ಯಂತ್ರವನ್ನು ಪೂರ್ತಿ ತಿರುಗಿಸಿ ಹಾಡು ಕೇಳಿದವಳು, ಚಪ್ಪಲಿ ಹಾಕದೆ ಬೀದಿಗೆ ಬಂದಳು.

“ಯಾರೋ ಇದಾರೆ ಕಣ್ರೋ! ಎಮೆರಿ ಹಾಡೋಕ್ಕಿಂತ ಮೊದ್ಲೇ ಯಾರೋ ಉಸುರ್ತಾರೆ! ಓಲಾ! ನಮ್ಮ ಓಲಾ ಬಂದವಳೆ, ಗಂಡನಿಗೆ ಹಾಡು ಹೇಳಿಕೊಡ್ತಾ ಅವಳೆ!”

ಡ್ರೈ ಫೋರ್ಕಿನ ಜನ ವಿಮೆ ಏಜೆಂಟನ್ನು ನಂಬುವುದಿಲ್ಲ, ಹವಾಮಾನ ವರದಿಯನ್ನು ನಂಬುವುದಿಲ್ಲ. ಸತ್ತವರನ್ನು ನಂಬುತ್ತಾರೆ. ಸಂಜೆಯೊಳಗೆ ಎಲ್ಲರ ಅಡುಗೆಮನೆಯಲ್ಲೂ ಓಲಾ ಉಸುರತೊಡಗಿದಳು. ‘ಗೇಟು ತೆರೆದೇ ಇಟ್ಟಿರುವೆ, ಓಲಾ’ ಎಂಬ ಸಾಲಿಗೆ ಮೊದಲು ಗಾಳಿಯಂತೆ ಒಂದು ಪಿಸುದನಿ. ‘ಒಳಗೆ ಬಂದದ್ದು ಬರೀ ಮಂಜು’ ಎನ್ನುವ ಮೊದಲು ಮತ್ತೊಂದು. ಇಗರ್ಜಿಯ ಹಿರಿಯರು ಕೇಳಿ ಟೋಪಿ ತೆಗೆದರು. ಯಾರದೋ ಮಂಡಿನೋವು ಕಡಿಮೆಯಾಯಿತು. ನ್ಯಾಶ್‌ವಿಲ್ಲಿನ ಗಡ್ಡದ ಹುಡುಗನಿಗೆ ಯಾರೋ ಫೋನು ಮಾಡಿ ಕೇಳಿದರೆ, “ಅದು ಆ ಕೋಣೆಯ ಆತ್ಮ, ಬೇಕಂತಲೇ ಬಿಟ್ಟಿದೀನಿ” ಅಂದನಂತೆ. ಅವನ ಅರ್ಥ ಬೇರೆಯಿತ್ತು. ಡ್ರೈ ಫೋರ್ಕಿಗೆ ಅಷ್ಟು ಸಾಕಾಯಿತು.

ಆರ್ವಿಲ್ ಅಂದು ಡಾಂಬರು ಮೆತ್ತಿದ ಬೂಟು ಕಳಚಿ ಮನೆಯೊಳಗೆ ಕಾಲಿಟ್ಟರೆ, ಹೆಂಡತಿ ಮಾವಿಸ್ ಅಡುಗೆಮನೆಯ ಮೇಜಿಗೆ ತಲೆಯಿಟ್ಟು ಅಳುತ್ತಿದ್ದಳು. ಹಾಡು ಓಡುತ್ತಿತ್ತು.

“ಕೇಳು ಆರ್ವಿಲ್, ಕೇಳು. ಎಂಥ ದನಿ! ಈ ಭೂಮಿ ಮೇಲಿನ ದನಿ ಅಲ್ಲ ಇದು.”

ಮೂವತ್ತೊಂದು ವರ್ಷ ಅದೇ ದನಿ ಅವಳನ್ನು ಬೆಳಿಗ್ಗೆ ಎಬ್ಬಿಸಿ ‘ನನ್ನ ಕಾಲುಚೀಲ ಎಲ್ಲಿ’ ಎಂದು ಕೇಳಿತ್ತು. ಆಗ ಅದು ಈ ಭೂಮಿಯದೇ ಆಗಿತ್ತು.

“ಚೆನ್ನಾಗಿದೆ,” ಅಂದ ಆರ್ವಿಲ್.

“ಚೆನ್ನಾಗಿದೆ ಅಂತೆ! ಸಿಮೆಂಟ್ ಚೆನ್ನಾಗಿದೆ ಅನ್ನೋ ಹಾಗೆ ಅಂತೀಯಲ್ಲ. ನಿಂಗೆ ಇಂಥದ್ದೆಲ್ಲ ತಟ್ಟಲ್ಲ ಬಿಡು.” ಕಣ್ಣೊರೆಸಿಕೊಂಡಳು. ಆಮೇಲೆ ದನಿ ಇಳಿಸಿ, “ಆರ್ವಿಲ್, ನಿಜ ಹೇಳು. ನೀನು ಆವತ್ತು ಏನು ಬಾರಿಸ್ದೆ? ಇಗರ್ಜೀಲಿ ಎಲ್ರಿಗೂ ಹೇಳ್ಕೊಂಡು ತಿರುಗಿದೀನಿ. ನಮ್ಮಕ್ಕ ಫೋನು ಮಾಡಿ ‘ಹುಂಜ ಹೇಗಿದಾನೆ’ ಅಂತ ಕೇಳ್ತಾಳೆ.”

ಮಾವಿಸ್ ಗಂಡನನ್ನು ಬಯ್ಯುವವಳು ನಿಜ. ಬೇರೆಯವರು ಬಯ್ದರೆ ಸೌಟು ಹಿಡಿಯುವವಳು. ಅವಳ ಮುಖ ನೋಡಿ ನಿಜ ಆರ್ವಿಲ್ಲನ ಗಂಟಲಿನವರೆಗೂ ಬಂತು. ಗಂಟಲಿನಲ್ಲೇ ಎಮೆರಿಯೂ ಕೂತಿದ್ದರು.

“ಬಾರಿಸ್ದೆ ಏನೋ. ಮೈಕು ದೂರ ಇತ್ತು,” ಅಂದ.

ಮಾವಿಸ್ ಹಾಡನ್ನು ಮತ್ತೆ ಮೊದಲಿಂದ ಹಾಕಿದಳು.

ವಿಷಯ ಕೌಂಟಿ ಜಡ್ಜ್ ರಾಯ್ಸ್ ಕಾಡಿಲ್ಲನ ಕಿವಿಗೂ ಬಿತ್ತು. ಜಡ್ಜ್ ಎಂದು ಕರೆದರೂ ಅವನು ಯಾರಿಗೂ ತೀರ್ಪು ಕೊಡುವವನಲ್ಲ. ರಸ್ತೆ, ಕಸ, ಚುನಾವಣೆ — ಅವನ ಖಾತೆ. ರಿಬ್ಬನ್ನು ಕಂಡಲ್ಲಿ ಕತ್ತರಿಸುತ್ತಾನೆ, ಕಾಣದಿದ್ದರೆ ಕಟ್ಟಿಸಿ ಕತ್ತರಿಸುತ್ತಾನೆ. ಬರುವ ಶನಿವಾರ ಮಧ್ಯಾಹ್ನ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ‘ಓಲಾ ಫ್ಯೂಗೇಟ್ ದಿನ’ ಎಂದು ಸಾರಿದ. ಎಲ್ಲರೂ ತಮ್ಮ ತಮ್ಮ ಮನೆಯ ಅಡುಗೆ ತರತಕ್ಕದ್ದು. ಎಮೆರಿ ಮೂರನೇ ಹಾಡನ್ನು ಜನರೆದುರು ಹಾಡತಕ್ಕದ್ದು. ಓಲಾ ಮನಸ್ಸು ಮಾಡಿದರೆ ಬರತಕ್ಕದ್ದು.

ಆರ್ವಿಲ್ ಗುಂಡಿ ಅರ್ಧಕ್ಕೆ ಬಿಟ್ಟು ಎಮೆರಿಯ ಮನೆಗೆ ಓಡಿದ.

“ಅಂಕಲ್, ಆಗಲ್ಲ ಅಂತ ಹೇಳಿಬಿಡಿ.”

“ಹೇಳಬೇಕು ಅಂತಾನೇ ಇದ್ದೆ ಮಗಾ. ಅವನು ಕೇಳಿದಾಗ ಮರೆತು ಹೂಂ ಅಂದ್ಬಿಟ್ಟೆ.” ಎಮೆರಿ ಕೋಳಿಗೆ ಜೋಳ ಚೆಲ್ಲುತ್ತಿದ್ದರು. “ಜನ ಗೇಟಿಗೆ ಹೂವು ಸಿಕ್ಕಿಸಿ ಹೋಗ್ತಿದಾರೆ. ಟ್ರೆಸ್ಸಿ ಬಂದು ನನ್ನ ತಬ್ಕೊಂಡು ಅತ್ಲು. ಆ ಪಿಸುದನಿ ಓಲಾಂದಲ್ಲ ಅಂತ ನಂಗೊತ್ತು. ಓಲಾ ಯಾವತ್ತೂ ನಿನ್ನ ಹಾಗೆ ಹೊಗೆಸೊಪ್ಪು ಅಗೀತಿರ್ಲಿಲ್ಲ.”

“ಹಾಗಾದ್ರೆ ನಿಜ ಹೇಳಿಬಿಡ್ತೀರಾ?”

“ಹೇಳ್ತೀನಿ. ನಿನ್ನ ಹೆಸರು ಹೀಗೆ ಬೀದಿಪಾಲಾಗೋದು ನಂಗೆ ಇಷ್ಟ ಇಲ್ಲ. ಮರೆವಿನ ಮುದುಕ ಅಂತ ಅಂದ್ಕೊಳ್ಳಿ. ಪಾಪ ಅನ್ನಲಿ. ಎಷ್ಟು ದಿನ ಅಂತಾರೆ?”

ಹೇಳುತ್ತ ಅವರು ಬುಟ್ಟಿಯ ಜೋಳವನ್ನೆಲ್ಲ ಒಂದೇ ಕೋಳಿಯ ಮುಂದೆ ಸುರಿದರು. ಆರ್ವಿಲ್ ಬರಿದಾದ ಬುಟ್ಟಿ ನೋಡಿದ.

“ಏನೂ ಹೇಳ್ಬೇಡಿ. ನಾನು ಮೊದಲ ಸಾಲಲ್ಲಿ ಕೂತ್ಕೋತೀನಿ. ಕಪ್ಪು ಕನ್ನಡಕ ಹಾಕ್ಕೊಂಡು ಬನ್ನಿ, ನೀವೆಲ್ಲಿ ನೋಡ್ತಿದೀರಿ ಅಂತ ಯಾರಿಗೂ ಕಾಣಬಾರದು. ನನ್ನ ತುಟಿ ನೋಡಿ ಹಾಡಿ. ಅಳ್ಬೇಡಿ ಮಾತ್ರ.”

“ಅಳಲ್ಲ,” ಅಂದರು ಎಮೆರಿ, ಕಣ್ಣೊರೆಸಿಕೊಳ್ಳುತ್ತ.

ಉಪಾಯಕ್ಕೇನೂ ಕೊರತೆಯಿರಲಿಲ್ಲ. ಆದರೆ ಸರ್ಕಾರವೆಂಬುದು ಉಪಾಯಗಳನ್ನು ಕೆಡಿಸಲೆಂದೇ ಹುಟ್ಟಿದ್ದು. ಶನಿವಾರ ಮಧ್ಯಾಹ್ನ ಒಗೆದ ಅಂಗಿ ತೊಟ್ಟು, ಮೊದಲ ಸಾಲಿನ ಮಡಚು ಕುರ್ಚಿಯಲ್ಲಿ ಆರ್ವಿಲ್ ಕೂತ ಕೂಡಲೇ ಜಡ್ಜ್ ಕಾಡಿಲ್ ಬಂದು ಭುಜ ತಟ್ಟಿದ.

“ಏನಯ್ಯಾ, ಗಣ್ಯರ ಸಾಲಲ್ಲಿ ಕೂತಿದೀಯ? ಎದ್ದೇಳು. ಗಾಡಿಗಳು ಹೆದ್ದಾರಿವರೆಗೂ ನಿಂತಿವೆ. ರಸ್ತೆ ಇಲಾಖೆಯವನು ನೀನೊಬ್ಬನೇ ಸಿಕ್ಕಿದ್ದು.”

“ಜಡ್ಜ್ ಸಾಹೇಬ್ರೇ, ಇವತ್ತು ನಂಗೆ ರಜ.”

“ಓಲಾ ಸತ್ತು ಆರು ವರ್ಷ ಆಯ್ತು, ಅವಳೇ ರಜ ತಗೊಂಡಿಲ್ಲ. ಹೋಗು!”

ಹೀಗೆ ಆರ್ವಿಲ್ ಸ್ಟಿಡಮ್ ಹೊಳೆಯುವ ಕಿತ್ತಳೆ ಕವಚ ತೊಟ್ಟು, ಕೆಂಪು ಬಾವುಟ ಹಿಡಿದು, ವೇದಿಕೆಯಿಂದ ನೂರೈವತ್ತು ಗಜ ದೂರದಲ್ಲಿ ಗಾಡಿಗಳನ್ನು ಹಿಂದೆ ಮುಂದೆ ಮಾಡಿಸುತ್ತ ನಿಂತ. ಅಷ್ಟು ದೂರದಿಂದ ತುಟಿ ಕಾಣಬೇಕಾದರೆ ಎಮೆರಿಗೆ ಹದ್ದಿನ ಕಣ್ಣಿರಬೇಕಿತ್ತು.

ಅಂಗಳದಲ್ಲಿ ನಾನೂರು ಜನ. ಉದ್ದದ ಮೇಜುಗಳ ಮೇಲೆ ಬೇಯಿಸಿದ ಹುರುಳಿಕಾಯಿ, ಜೋಳದ ರೊಟ್ಟಿ, ಕೋಳಿ ಸಾರಿನಲ್ಲಿ ಬೇಯಿಸಿದ ಹಿಟ್ಟಿನುಂಡೆಯ ಡಂಪ್ಲಿಂಗು, ಒಣಸೇಬಿನ ಪದರ ಕೇಕು. ರಸ್ತೆಯಂಚಿನ ಕೊನೆಯ ಮೇಜಿನ ಹಿಂದೆ, ಆರ್ವಿಲ್ಲನಿಗೆ ನಾಲ್ಕು ಹೆಜ್ಜೆ ದೂರದಲ್ಲಿ, ಮಾವಿಸ್ ತನ್ನ ಡಂಪ್ಲಿಂಗ್ ಪಾತ್ರೆಯ ಕಾವಲಿಗೆ ನಿಂತಿದ್ದಳು. ಜಡ್ಜ್ ಭಾಷಣ ಮಾಡಿದ. ಓಲಾ ತನ್ನ ಪಕ್ಷಕ್ಕೇ ಮತ ಹಾಕುತ್ತಿದ್ದಳೆಂಬುದನ್ನು ಮೂರು ಸಲ ನೆನಪಿಸಿದ. ಆಮೇಲೆ ಎಮೆರಿ ಕಪ್ಪು ಕನ್ನಡಕ ಹಾಕಿಕೊಂಡು ಗಿಟಾರಿನೊಂದಿಗೆ ವೇದಿಕೆ ಹತ್ತಿದರು. ಮೊದಲ ಸಾಲಿನಲ್ಲಿ ಆರ್ವಿಲ್ ಕೂರಬೇಕಿದ್ದ ಕುರ್ಚಿಯಲ್ಲಿ ಬರ್ಲ್ ಕೂತು ಮೂಳೆ ಚೀಪುತ್ತಿದ್ದ. ಎಮೆರಿ ಅವನ ಬಾಯಿಯನ್ನೇ ಬಹಳ ಹೊತ್ತು ನೋಡಿದರು. ಅದರಿಂದ ಯಾವ ಹಾಡೂ ಬರುವಂತೆ ಕಾಣಲಿಲ್ಲ.

ಗಿಟಾರು ಮೀಟಿದರು. ಒಂದು ಸುತ್ತು. ಎರಡು ಸುತ್ತು. ಬಾಯಿ ತೆರೆದರು.

ಏನೂ ಬರಲಿಲ್ಲ.

ಮೂರನೆಯ ಸುತ್ತಿಗೆ ಬೆರಳೂ ನಿಂತಿತು. ನಾನೂರು ಜನ ತಟ್ಟೆ ಹಿಡಿದವರು ಹಿಡಿದ ಹಾಗೆ ನಿಂತರು. ಓಲಾಳಿಗೆ ಕಾಯುತ್ತಿದ್ದಾರೆಂದು ಕೆಲವರು ಆಕಾಶ ನೋಡಿದರು. ಆದರೆ ಒಂದೆರಡು ಮುಖದಲ್ಲಿ ಆಗಲೇ ಆ ಭಾವ ಹುಟ್ಟುತ್ತಿತ್ತು — ಹುಬ್ಬು ಮೇಲೇರಿ, ತಲೆ ಒಂದು ಕಡೆಗೆ ವಾಲುವ ಭಾವ. ಟ್ರೆಸ್ಸಿ ಅಜ್ಜಿ “ಅಯ್ಯೋ...” ಎಂದು ಶುರು ಮಾಡಿದಳು. ಇನ್ನೊಂದು ಅಕ್ಷರ ಹೊರಬಿದ್ದಿದ್ದರೆ ‘ಪಾಪ’ ಬರುತ್ತಿತ್ತು.

ಗಾಡಿಗಳ ನಡುವಿನಿಂದ ಒಂದು ಕೂಗು ಎದ್ದಿತು.

“ಗೇಟು ತೆರೆದೇ ಇಟ್ಟಿರುವೆ ಓಲಾ!”

ಹಾಡಲ್ಲ ಅದು. ಇಗರ್ಜಿಯಲ್ಲಿ ಸಾಲು ಹೇಳಿಕೊಡುವ ವರಸೆ — ಒಂದೇ ಉಸಿರು, ಒಂದೇ ಏರು, ಕೊನೆಯಲ್ಲಿ ಕಡಿದು ಹಾಕಿದಂತೆ. ಆರ್ವಿಲ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ, ಕಣ್ಣು ಮುಚ್ಚಿದ್ದ.

ಆ ಜನಕ್ಕೆ ಯೋಚಿಸಲು ಪುರುಸೊತ್ತೇ ಸಿಗಲಿಲ್ಲ. ತೊಟ್ಟಿಲಿನಿಂದ ಕೇಳಿದ ವರಸೆ. ಸಾಲು ಕಿವಿಗೆ ಬಿದ್ದರೆ ಎದೆ ತಾನೇ ತುಂಬಿಕೊಳ್ಳುತ್ತದೆ. ನಾನೂರು ಬಾಯಿ ಒಟ್ಟಿಗೆ ತೆರೆದವು. ಬಾಯಲ್ಲಿದ್ದ ಹುರುಳಿಕಾಯಿ ಇನ್ನೂ ನುಂಗದವರೂ ಹಾಡಿದರು. ‘ಗೇಟು’ ಎಂಬ ಎರಡೇ ಅಕ್ಷರ ಗುಡ್ಡದ ಆಚೆ ಬದಿಯವರೆಗೂ ಹೋಗಿ ಬಂತು. ಅದರ ನಡುವೆ ಎಮೆರಿಯ ದನಿಯೂ ಸೇರಿಕೊಂಡಿತು, ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ.

“ಒಳಗೆ ಬಂದದ್ದು ಬರೀ ಮಂಜು!”

ಮತ್ತೆ ಎಳೆದರು. ಆರ್ವಿಲ್ ಒಂದೊಂದು ಸಾಲಿಗೆ ಮೊದಲು ಮೂಗಿನಿಂದ ಸರ್ ಎಂದು ಉಸಿರೆಳೆದುಕೊಳ್ಳುತ್ತಿದ್ದ, ಆಮೇಲೆ ಕೂಗುತ್ತಿದ್ದ.

“ಎರಡು ಬಟ್ಟಲಿಗೆ ಕಾಫಿ ಬಗ್ಗಿಸಿ!”

ಡಂಪ್ಲಿಂಗ್ ಪಾತ್ರೆಯ ಹಿಂದೆ ಹಾಡುತ್ತಿದ್ದ ಮಾವಿಸ್ ಥಟ್ಟನೆ ನಿಲ್ಲಿಸಿದಳು. ಆ ಸರ್ ಎಂಬ ಉಸಿರು. ವಾರವಿಡೀ ಅಡುಗೆಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳಿದ್ದಳು, ಆ ದೈವೀ ಪಿಸುದನಿಗೆ ಮೊದಲು, ಪ್ರತಿ ಸಲವೂ. ಸೌಟು ಪಾತ್ರೆಯೊಳಗೆ ಜಾರಿ ಮುಳುಗಿತು.

“ಒಂದನ್ನು ಆರಲು ಬಿಟ್ಟಿರುವೆ!”

ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಗೆ ಹಾಡಿದ್ದಕ್ಕೆ ಅಲ್ಲಿ ಯಾರೂ ತಟ್ಟುವುದಿಲ್ಲ. ಮುದುಕಿಯರು ಮೂಗೊರೆಸಿಕೊಂಡರು. ಎಮೆರಿ ಕನ್ನಡಕ ತೆಗೆದು ಗಾಡಿಗಳ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅವರು ಹಾಡು ಮರೆತಿದ್ದರೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಬೇರೆಯೇ.

“ನೋಡಿದ್ರಾ ಇವನ ಅಹಂಕಾರಾನ!” ಬರ್ಲ್ ಮೂಳೆ ಹಿಡಿದ ಕೈಯನ್ನೇ ಚಾಚಿಕೊಂಡು ಅಂಗಳ ದಾಟಿ ಬಂದ. ಹಿಂದೆ ಜಡ್ಜ್, ಅವನ ಹಿಂದೆ ಅರ್ಧ ಊರು. “ಎಮೆರಿ ಪಾಪ ಕಣ್ಮುಚ್ಚಿ ಹೆಂಡತೀನ ಕರೀತಾ ನಿಂತಿದ್ರೆ, ಇವನು ಮಧ್ಯ ಬಾಯಿ ಹಾಕ್ದ! ಓಲಾ ಬರ್ತಿದ್ಲು ಕಣೋ! ನಿನ್ನ ಗಂಟಲು ಕೇಳಿ ವಾಪಸ್ ಹೋದ್ಲು!”

“ಇಲಾಖೆಯ ಕವಚ ತೊಟ್ಟು ಹೀಗೆಲ್ಲ ಮಾಡಬಾರದು,” ಅಂದ ಜಡ್ಜ್.

“ಆ ಅಡುಗೆಮನೇಲಿ ನೀನೂ ಇದ್ದೆ, ಓಲಾ ದೆವ್ವಾನೂ ಇತ್ತು. ಪ್ರಾಣ ಇಲ್ಲದವಳು ಆಲ್ಬಮ್ಮಲ್ಲಿ ಬಿದ್ಲು, ಆರಡಿ ಆಳು ನೀನು ಬೀಳಲಿಲ್ಲ! ಅದಕ್ಕೇ ಹೊಟ್ಟೆಕಿಚ್ಚು. ಹೇಳು, ಎಲ್ರ ಮುಂದೇನೇ ಹೇಳು, ಏನು ಬಾರಿಸ್ದೆ ನೀನು ಆವತ್ತು?”

ವೇದಿಕೆಯ ಮೇಲೆ ಎಮೆರಿ ಗಿಟಾರು ಕೆಳಗಿಟ್ಟು ಮೈಕಿನ ಕಂಬ ಹಿಡಿದುಕೊಂಡರು. “ಬರ್ಲ್,” ಅಂದರು, “ಅವನನ್ನ ಬಿಡು. ನಾನು ಹೇಳ್ತೀನಿ. ಆವತ್ತು...”

ಆರ್ವಿಲ್ ಜನರ ತಲೆಗಳ ಮೇಲಿಂದ ಅವರನ್ನೇ ನೋಡಿ ತಲೆಯಲ್ಲಾಡಿಸಿದ, ಒಂದೇ ಸಲ. ಎಮೆರಿ ಬಾಯಿಗೆ ಬಂದ ಮಾತನ್ನು ಬದಲಿಸಿದರು.

“ಆವತ್ತು ಅವನು ಬಂದಿದ್ದಕ್ಕೆ ನಂಗೆ ಬಹಳ ಸಂತೋಷ ಆಯ್ತು,” ಅಂದರು.

“ಅದಕ್ಕೇನು, ಬೆಕ್ಕು ಬಂದ್ರೂ ಸಂತೋಷವೇ!” ಎಂದ ಬರ್ಲ್. ಜನ ನಕ್ಕರು. “ಮಾವಿಸ್, ನೀನಾದ್ರೂ ಕೇಳಮ್ಮ ನಿನ್ನ ಗಂಡನ್ನ!”

ಮಾವಿಸ್ ಪಾತ್ರೆಯೊಳಗೆ ಕೈ ಹಾಕಿ ಸೌಟು ಎತ್ತಿ, ಒರೆಸಿ, ತಳದಲ್ಲಿದ್ದ ಕೋಳಿಯ ದೊಡ್ಡ ತುಂಡನ್ನು ಹುಡುಕಿ ಗಂಡನ ತಟ್ಟೆಗೆ ಹಾಕಿದಳು. ನಾಲ್ಕು ಡಂಪ್ಲಿಂಗು ಹಾಕಿದಳು. ಐದನೆಯದನ್ನೂ ಹಾಕಿ, ಮೇಲೆ ಇನ್ನೊಂದು ತಟ್ಟೆ ಕವುಚಿ, ಯಾರೂ ಮುಟ್ಟದಂತೆ ತನ್ನ ಮಗ್ಗುಲಲ್ಲಿ ಇಟ್ಟುಕೊಂಡಳು. ಆಮೇಲೆ ಬರ್ಲನನ್ನು ನೋಡಿ, “ನಿಂಗೆ ಖಾಲಿಯಾಯ್ತು,” ಅಂದಳು.

“ಹೇಳೋ ಆರ್ವಿಲ್!” ಬರ್ಲ್ ಮತ್ತೆ ಕೂಗಿದ. “ಹಾಡೋವಾಗ ಇದ್ದ ನಾಲಗೆ ಈಗ ಎಲ್ಲಿ ಹೋಯ್ತು?”

ಹಿಂದೆ, ಹೆದ್ದಾರಿಯ ತಿರುವಿನಲ್ಲಿ, ಹುಲ್ಲು ತುಂಬಿದ ಒಂದು ಟ್ರಕ್ಕು ಎರಡು ಕಾರುಗಳ ನಡುವೆ ಸಿಕ್ಕಿಕೊಂಡು ಹಾರ್ನು ಹೊಡೆಯುತ್ತಿತ್ತು. ಆರ್ವಿಲ್ ಟೋಪಿ ತಲೆಗಿಟ್ಟುಕೊಂಡ, ಕೆಂಪು ಬಾವುಟ ಎತ್ತಿಕೊಂಡ, ಅತ್ತ ನಡೆದ.